ಕುಂಟು ಒಂಟೆ

ಯೂಜಿನ್ ಸೋಫಾದ ತುದಿಯಲ್ಲಿ ಕೂತದ್ದು ನೋಡಿಯೇ ವಾರಿಜಾಳಿಗೆ ಗೊತ್ತಾಯಿತು, ಈ ಮನುಷ್ಯನಿಗೆ ತನ್ನಿಂದ ಏನೋ ಬೇಕಾಗಿದೆ. ಬೇರೆ ದಿನ ಆಗಿದ್ದರೆ ಅವನು ಯಾರ ಮನೆಗೆ ಹೋದರೂ ಕಾಲು ಚಾಚಿ, ಬೆನ್ನು ಒರಗಿಸಿ, ಮನೆಯವರೇ ಅತಿಥಿಗಳು ಅನ್ನುವ ಹಾಗೆ ಕೂರುವವನು.

"ಪೊರ್ಬುಗಳು ಬಹಳ ಅಪರೂಪ," ಎಂದ ಅವಳ ಗಂಡ ಕಮಲಾಕ್ಷ, ಚಹಾ ತಂದಿಡುತ್ತ. ಊರಿನಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ಹಳೆಯ ಮರ್ಯಾದೆಯ ಮಾತು ಅದು. ಕಮಲಾಕ್ಷನ ಬಾಯಲ್ಲಿ ಅದರಲ್ಲಿ ಮರ್ಯಾದೆ ಎಷ್ಟು, ಚೇಷ್ಟೆ ಎಷ್ಟು ಎಂದು ಹೇಳುವುದು ಕಷ್ಟ.

"ಸಾಲ್ಮಿಯಾಕ್ಕೆ ಬರುವುದೇ ಬೇಡ ಅನ್ನಿಸ್ತದೆ ಮಾರಾಯ. ಪಾರ್ಕಿಂಗೇ ಸಿಗುದಿಲ್ಲ."

"ಪಾರ್ಕಿಂಗ್ ಮೊದಲೂ ಸಿಗ್ತಿರಲಿಲ್ಲ," ಎಂದಳು ವಾರಿಜಾ. "ಆಗ ವಾರ ವಾರ ಬರ್ತಿದ್ರಿ."

ಯೂಜಿನ್ ಚಹಾ ಕುಡಿದ. ಲೋಟ ಕೆಳಗಿಟ್ಟ. ಆಮೇಲೆ ವಿಷಯ ಹೇಳಿದ. ಅಮೆರಿಕದಿಂದ ಕುವೈತಿಗೆ ಒಂದು ಬ್ಲೂಗ್ರಾಸ್ ಬ್ಯಾಂಡ್, ಅಲ್ಲಿಯ ಹಳ್ಳಿಗಾಡಿನ ತಂತಿವಾದ್ಯದವರು, ಬರುತ್ತಿದೆ. ಸಾಲ್ಮಿಯಾದ ಶಾಲೆಯೊಂದರ ಸಭಾಂಗಣದಲ್ಲಿ ಕಾರ್ಯಕ್ರಮ. ಆ ಹುಡುಗರು ಹೋದ ಊರಿನಲ್ಲೆಲ್ಲ ಅಲ್ಲಿಯವರ ಒಂದು ರಾಗ ಕಲಿತು, ಅವರ ಜೊತೆ ಸ್ಟೇಜಿನ ಮೇಲೆ ನುಡಿಸಿ, ಮುಂದಿನ ರೆಕಾರ್ಡಿನಲ್ಲಿ ಮಾಡಿದವರ ಹೆಸರು ಹಾಕಿ ಸೇರಿಸುತ್ತಾರಂತೆ. ಕುವೈತಿನಿಂದ ಅವರು ಆರಿಸಿದ್ದು ಯೂಜಿನ್ ಕಳಿಸಿದ 'ಡೆಸರ್ಟ್ ರೇನ್'.

ವಾರಿಜಾಳ ಮುಖ ಬದಲಾಗಲಿಲ್ಲ. ಬದಲಾಗದ ಹಾಗೆ ನೋಡಿಕೊಂಡಳು.

"ಆದ್ರೆ ಅವರದ್ದು ಹಳೇ ಪದ್ಧತಿ. ಕೀಬೋರ್ಡ್ ಬೇಡ, ಟ್ರ್ಯಾಕ್ ಹಾಕುದು ಬೇಡ, ಎಲ್ಲರಿಗೂ ಒಂದೇ ಮೈಕು. ಫಿಡ್ಲ್, ಅದೇ ವಯಲಿನ್, ಎಲ್ಲಿ ಅಂತ ಕೇಳ್ತಿದ್ದಾರೆ."

"ಅಮೆರಿಕದವರಿಗೆ ಕಿವಿ ಉಂಟು," ಎಂದ ಕಮಲಾಕ್ಷ.

ನಾಲ್ಕು ವರ್ಷದ ಹಿಂದೆ ಇದೆಲ್ಲ ಶುರುವಾದದ್ದು ಝಹೀರನ ಬ್ಯಾಂಜೋದಿಂದ. ಝಹೀರ್ ಉಳ್ಳಾಲದ ಕಡೆಯ ಬ್ಯಾರಿ. ಶುವೈಖಿನ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ಕೆಲಸ. ಶುಕ್ರವಾರದ ಸಂತೆಯಲ್ಲಿ ಹಳೆಯ ಟೀವಿಗಳ ಮತ್ತು ಗಿಳಿಯ ಪಂಜರಗಳ ನಡುವೆ, ಅಮೆರಿಕನ್ ಸೈನ್ಯದ ಕ್ಯಾಂಪಿನ ಯಾರೋ ಬಿಟ್ಟುಹೋದ ಆ ವಾದ್ಯ ಅವನ ಕಣ್ಣಿಗೆ ಬಿತ್ತು. ದಫ್ಫಿಗೆ ತಂತಿ ಕಟ್ಟಿದ ಹಾಗಿದೆ ಎಂದು ಮನೆಗೆ ತಂದ. ಹೇಗೆ ನುಡಿಸುವುದೆಂದು ಯೂಟ್ಯೂಬಿನಲ್ಲಿ ಹುಡುಕಿದಾಗ ಬ್ಲೂಗ್ರಾಸ್ ಸಿಕ್ಕಿತು. ಸಿಕ್ಕಿದ್ದನ್ನು ಗೊತ್ತಿರುವ ನಾಲ್ಕು ಜನಕ್ಕೆ ಕಳಿಸಿದ. ವಾರಿಜಾ ಅದನ್ನು ತಾನು ಕೆಲಸ ಮಾಡುವ ಶಿಪ್ಪಿಂಗ್ ಆಫೀಸಿನಲ್ಲಿ ಮಧ್ಯಾಹ್ನದ ಡಬ್ಬಿ ಬಿಚ್ಚುತ್ತ ನೋಡಿದಳು. ಡಬ್ಬಿ ಹಾಗೆಯೇ ಉಳಿಯಿತು.

ರಾಗಗಳು ಅಜ್ಜಂದಿರ ಕಾಲದವು, ನುಡಿಸುತ್ತಿದ್ದವರು ಮೊನ್ನೆ ಕಾಲೇಜು ಬಿಟ್ಟಂಥವರು. ಒಂದೇ ಮೈಕಿನ ಸುತ್ತ ನಿಂತಿದ್ದರು. ಸರದಿ ಬಂದವರು ಅದರ ಹತ್ತಿರ ಸರಿಯುತ್ತಾರೆ, ನುಡಿಸಿ ಹಿಂದೆ ಹೋಗುತ್ತಾರೆ. ದನಿ ಏರಿಸುವ ಇಳಿಸುವ ಗುಂಡಿ ಅಂದರೆ ಅವರ ಕಾಲೇ. ಬೆರಳು ತಂತಿಯ ಮೇಲೆ ಜಾರುವ ಸದ್ದು, ಉಸಿರೆಳೆದುಕೊಳ್ಳುವ ಸದ್ದು, ಯಾವುದನ್ನೂ ಒರೆಸಿರಲಿಲ್ಲ. ಮುಕ್ಕಾಲು ಪಾಲು ಹಾಡುಗಳಲ್ಲಿ ಯಾರೋ ಯಾರನ್ನೋ ಕೊಂದು ಹೊಳೆಗೆ ಹಾಕುತ್ತಿದ್ದರು. ರಾಗ ಮಾತ್ರ ಮದುವೆ ದಿಬ್ಬಣದ್ದು. ವಾರಿಜಾಳಿಗೆ ಹಿಡಿಸಿದ್ದು ಅದೇ. ಇವರು ಅಳುವುದಿಲ್ಲ, ಕ್ಷಮೆಯ ಮಾತೂ ಆಡುವುದಿಲ್ಲ. ಏನು ನಡೆಯಿತೋ ಅದನ್ನು ಮೂಗಿನ ದನಿಯಲ್ಲಿ ಎತ್ತರಕ್ಕೆ ಕೂಗಿ ಹೇಳುತ್ತಾರೆ, ಕಾಲು ಕುಣಿಯುತ್ತಿರುತ್ತದೆ.

ಅವಳು ಮಂಗಳೂರಿನಲ್ಲಿ ಮೇಷ್ಟ್ರ ಎದುರು ಚಕ್ಕಳಮಕ್ಕಳ ಹಾಕಿ ಕೂತು ಕರ್ನಾಟಕ ಸಂಗೀತ ಕಲಿತವಳು. ಅಲ್ಲಿ ಕಮಾನು ಕರಕರ ಎಂದರೆ ಮೇಷ್ಟ್ರು ಕಣ್ಣು ಮುಚ್ಚಿ ನೋವಾದವರ ಹಾಗೆ ಮಾಡುತ್ತಿದ್ದರು. ಇಲ್ಲಿ ಕರಕರವೂ ಸಂಗೀತದ ಪಾಲು. ಮದುವೆಯ ನಂತರ ಪೆಟ್ಟಿಗೆಯಲ್ಲೇ ಇದ್ದ ವಯಲಿನ್ ಹೊರಗೆ ಬಂತು.

ಯೂಜಿನ್ ಸೇರಿದ್ದು ಕೊನೆಗೆ. ಚರ್ಚಿನ ಕಾಯರಿನಲ್ಲಿ ಹಾಡುವವನು, ಒಂದು ಕಾಲದಲ್ಲಿ ಹೋಟೆಲ್ ಬ್ಯಾಂಡಿನಲ್ಲಿ ಗಿಟಾರ್ ನುಡಿಸಿದವನು. ಅರ್ದಿಯಾದಲ್ಲಿ ಏಸಿ ಡಕ್ಟುಗಳ ಗೋದಾಮಿಗೆ ಅವನೇ ಸೂಪರ್ವೈಸರ್, ಆದ್ದರಿಂದ ಬೀಗದ ಕೈ ಅವನ ಹತ್ತಿರ. ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಝಹೀರ್ ಬಂದ ಮೇಲೆ ತಗಡಿನ ಕೊಳವೆಗಳ ನಡುವೆ ಮೂವರೂ ನಿಂತು ನುಡಿಸುತ್ತಿದ್ದರು. ತಗಡು ಕೂಡ ಗುಂಯ್ ಎನ್ನುತ್ತಿತ್ತು.

ಅಲ್ಲಿಯೇ ಆ ರಾಗ ಹುಟ್ಟಿತು. ವಾರಿಜಾ ಏನನ್ನೋ ಹುಡುಕುತ್ತ ಎಂಟರ ಎಣಿಕೆಯಲ್ಲಿ ಹೋಗುತ್ತಿದ್ದಳು. ಎರಡನೇ ಭಾಗದ ಕೊನೆಗೆ ಬರುವಾಗ ಕೈ ಹಳೆಯ ಅಭ್ಯಾಸಕ್ಕೆ ಬಿದ್ದು ತಕಿಟ ತಕದಿಮಿ ಎಂದು ಏಳಕ್ಕೇ ಮುಗಿಸಿಬಿಟ್ಟಿತು. ಝಹೀರನ ಬ್ಯಾಂಜೋ ಒಂದು ಹೆಜ್ಜೆ ಮುಂದೆ ಹೋಗಿ ಗಾಳಿಯಲ್ಲಿ ಕಾಲಿಟ್ಟಿತು.

"ವಾರಿಜಕ್ಕ, ಇದೆಂತದು? ಒಂಟೆಗೆ ಒಂದು ಕಾಲು ಗಿಡ್ಡ ಆದ ಹಾಗೆ."

"ತಪ್ಪಿತು."

"ತಪ್ಪಿದ್ದಾದರೆ ಇನ್ನೊಮ್ಮೆ ತಪ್ಪಿ."

ಅವಳು ಇನ್ನೊಮ್ಮೆ ತಪ್ಪಿದಳು. ಆ ಕುಂಟಿನಿಂದಾಗಿ ರಾಗ ಮುಗಿಯುವ ಬದಲು ಮುಗ್ಗರಿಸಿ ಮತ್ತೆ ತನ್ನ ತಲೆಗೇ, ಶುರುವಾದಲ್ಲಿಗೇ, ಬಂದು ಬೀಳುತ್ತಿತ್ತು. ನಿಲ್ಲಿಸಲು ಮನಸ್ಸೇ ಬರುತ್ತಿರಲಿಲ್ಲ. ಝಹೀರ್ ಅದಕ್ಕೆ ಕುಂಟು ಒಂಟೆ ಎಂದು ಹೆಸರಿಟ್ಟ.

ಹೋದ ವರ್ಷ ಅವಳು ಅಮ್ಮನ ಆಪರೇಷನ್ನಿಗೆಂದು ಊರಿಗೆ ಹೋಗಿ ಬಂದಳು. ಬಂದ ವಾರವೇ ಕಮಲಾಕ್ಷನೊಂದಿಗೆ ಮಂಗಳೂರು ಊಟದ ಹೋಟೆಲಿಗೆ ಹೋಗಿದ್ದಾಗ, ನೀರುದೋಸೆಯ ತುಂಡು ಬಾಯಿಗೆ ಹೋಗುವ ಮೊದಲು, ಮೇಲಿನ ಸ್ಪೀಕರಿನಲ್ಲಿ ಅವಳ ರಾಗ ಬಂತು. ವಯಲಿನ್ ಇರಲಿಲ್ಲ. ಕೀಬೋರ್ಡ್ ಅವಳ ಒಂದೊಂದು ಜಾರುವಿಕೆಯನ್ನೂ ಹಾಗೆಯೇ ನುಡಿಸುತ್ತಿತ್ತು. ಕೆಳಗೆ ಕಂಪ್ಯೂಟರಿನ ಡ್ರಮ್ಮು, ಪಕ್ಕದಲ್ಲಿ ಝಹೀರನ ಬ್ಯಾಂಜೋ. ಕೊನೆಯಲ್ಲಿ, ಕುಂಟಬೇಕಾದಲ್ಲಿ, ಗಿಡ್ಡ ಕಾಲಿನ ಮೇಜಿಗೆ ರಟ್ಟು ಇಟ್ಟ ಹಾಗೆ ಒಂದು ಪೆಟ್ಟು ತುರುಕಿ ಎಂಟು ಮಾಡಿದ್ದರು. ಕೌಂಟರಿನಲ್ಲಿ ಸೀಡಿ ಇಟ್ಟಿದ್ದರು: ಡೆಸರ್ಟ್ ರೇನ್, ರಚನೆ ಮತ್ತು ಸಂಗೀತ ಯೂಜಿನ್.

ಫೋನಿನಲ್ಲಿ ಅವನು ತಡವರಿಸಲೂ ಇಲ್ಲ. "ನಿನ್ನ ವಯಲಿನ್ ಕರಕರ ಅಂತಿತ್ತು ವಾರಿಜಾ. ಮತ್ತೆ ಆ ಕುಂಟು ಡ್ರಮ್ಮಿಗೆ ಕೂರುದಿಲ್ಲ. ಜನ ಕುಣಿಬೇಕಲ್ಲ? ನಾನು ಅದನ್ನು ಸರಿ ಮಾಡಿದ್ದೇನೆ."

ಹೆಸರು ಕದ್ದದ್ದಕ್ಕಿಂತ ಆ ಮಾತು ಅವಳೊಳಗೆ ಹೆಚ್ಚು ಕಾಲ ಉಳಿಯಿತು. ಸರಿ ಮಾಡಿದ್ದೇನೆ. ಬಸ್ಸಿನಲ್ಲಿ, ಲಿಫ್ಟಿನಲ್ಲಿ, ತರಕಾರಿ ಹೆಚ್ಚುವಾಗ ಅದು ನೆನಪಾಗುತ್ತಿತ್ತು. ಈರುಳ್ಳಿ ಬಹಳ ಸಣ್ಣಗೆ ಹೆಚ್ಚಲು ಕಲಿತಳು.

ಈಗ ಅವನು ಅವಳ ಸೋಫಾದ ತುದಿಯಲ್ಲಿದ್ದ.

"ಬರ್ತೇನೆ," ಎಂದಳು. "ಆದ್ರೆ ರಾಗ ಎತ್ತುವುದು ನಾನು."

ಆ ಸಂಗೀತದಲ್ಲಿ ಎತ್ತುವವರದ್ದೇ ಮಾತು. ಅವರು ಹಿಡಿದ ವೇಗ ವೇಗ, ಅವರು ಮಡಿಸಿದಲ್ಲಿ ಮಡಿಕೆ. ಉಳಿದವರು ಹಿಂಬಾಲಿಸಬೇಕು, ಸ್ಟೇಜಿನ ಮೇಲೆ ವಾದಕ್ಕೆ ನಿಲ್ಲುವ ಪದ್ಧತಿ ಇಲ್ಲ. ಯೂಜಿನನಿಗೆ ಇದೆಲ್ಲ ಗೊತ್ತು.

"ಎತ್ತು ಮಾರಾಯ್ತಿ. ಸೀಡಿಯಲ್ಲಿದ್ದ ಹಾಗೆ ಎತ್ತು."

"ಪ್ರಾಕ್ಟೀಸಿಗೆ ಬರ್ತೇನಲ್ಲ. ಆಗ ನೋಡಿ."

ಅವನು ಹೋದ ಮೇಲೆ ಕಮಲಾಕ್ಷ ಲೋಟ ಎತ್ತುತ್ತ ಕೇಳಿದ, "ನಿನ್ನ ತಲೆಯಲ್ಲಿ ಎಂತ ಉಂಟು?"

"ಅವನನ್ನು ಎಲ್ಲರೆದುರು ಬೀಳಿಸ್ತೇನೆ."

"ಹೇಗೆ?"

"ಅವನು ಸರಿ ಮಾಡಿದ್ದಾನಲ್ಲ, ಅಲ್ಲೇ."

ಪ್ರಾಕ್ಟೀಸಿನಲ್ಲಿ ಅವಳು ಎಂಟಕ್ಕೆ ಎಂಟು ನುಡಿಸಿದಳು. ನಗುನಗುತ್ತ ನುಡಿಸಿದಳು. ಯೂಜಿನ್ ಒಂದು ವರ್ಷದಿಂದ ಹಾಗೆಯೇ ನುಡಿಸಿ ನುಡಿಸಿ ಅವನ ಕೈಗೆ ಅದು ನಡೆದು ಸವೆದ ದಾರಿಯಾಗಿತ್ತು. ಕಣ್ಣು ಮುಚ್ಚಿಕೊಂಡೇ ಹೋಗುತ್ತಿದ್ದ. ಅವಳು ಆ ಮುಚ್ಚಿದ ಕಣ್ಣುಗಳನ್ನು ನೋಡುತ್ತಿದ್ದಳು.

ನಡುವೆ ಯೂಜಿನ್ ಫೋನಿಗೆಂದು ಹೊರಗೆ ಹೋದಾಗ ಝಹೀರ್ ಹತ್ತಿರ ಬಂದ. "ವಾರಿಜಕ್ಕ, ಒಂಟೆಯ ಕಾಲು ಗುಣ ಆಯ್ತಾ?"

"ದೊಡ್ಡ ಡಾಕ್ಟರಲ್ವಾ ನಿಮ್ಮ ಯೂಜಿನ್."

ಝಹೀರ್ ಬ್ಯಾಂಜೋದ ಕಿವಿ ತಿರುಗಿಸುತ್ತ ನಿಂತ. "ನನ್ನ ಮೇಲೂ ಸಿಟ್ಟುಂಟು ನಿಮಗೆ."

"ಉಂಟು. ನೀನು ಆ ಸೀಡಿಯಲ್ಲಿ ನುಡಿಸಿದ್ದೀಯ."

"ನುಡಿಸಿದೆ. ನೀವು ಒಪ್ಪಿದ್ದೀರಿ ಅಂತ ಹೇಳಿದ್ರು, ನಂಬಿದೆ. ಆಮೇಲೆ ಗೊತ್ತಾಯ್ತು. ಗೊತ್ತಾದ ಮೇಲೂ ಸುಮ್ಮನಿದ್ದೆ. ಅದಕ್ಕೆ ಬೈಯುದಾದ್ರೆ ಬೈಯಿರಿ."

ಅವಳು ಬೈಯಲಿಲ್ಲ. "ಹಳೆಯದು ನೆನಪುಂಟಾ?"

"ನನಗೆ ಎಣಿಸ್ಲಿಕ್ಕೆ ಬರುದಿಲ್ಲ. ಬೆರಳಿಗೆ ನೆನಪುಂಟು."

"ಬೆರಳಿಗಿದ್ರೆ ಸಾಕು," ಎಂದಳು. ಯೂಜಿನ್ ಒಳಗೆ ಬಂದ.

ಕಾರ್ಯಕ್ರಮದ ಸಂಜೆ ಸಭಾಂಗಣದ ಮುಂದಿನ ಸಾಲುಗಳಲ್ಲಿ ಊರಿನವರ ಅಸೋಸಿಯೇಷನ್ನಿನ ಜನ, ಹಿಂದೆ ಮಕ್ಕಳನ್ನು ಕರೆತಂದ ಕುಟುಂಬಗಳು, ಪಕ್ಕದಲ್ಲಿ ಕೆಲವು ಕುವೈತಿ ಹುಡುಗರು. ಅಮೆರಿಕದ ಬ್ಯಾಂಡು ಮೊದಲು ನುಡಿಸಿತು. ಐದು ಜನ, ಒಂದು ಮೈಕು. ಉದ್ದ ಗಡ್ಡದ ಮ್ಯಾಂಡೊಲಿನ್ ಹುಡುಗ ಅವರ ಮುಖ್ಯಸ್ಥ. ಅವರಲ್ಲಿ ಒಬ್ಬಳು ಹುಡುಗಿ, ಕೊರಳಿನ ನರ ಉಬ್ಬಿಸಿ, ತನ್ನನ್ನು ಬಿಟ್ಟುಹೋದವನ ಮನೆಗೆ ಬೆಂಕಿ ಬೀಳಲಿ ಎಂಬ ಹಾಡು ಹಾಡಿದಳು. ದನಿ ಸೀಳುತ್ತಿತ್ತು, ಸೀಳಿದ್ದನ್ನು ಅವಳು ಮುಚ್ಚಿಕೊಳ್ಳಲಿಲ್ಲ. ಪಕ್ಕದ ಪರದೆಯ ಹಿಂದೆ ನಿಂತ ವಾರಿಜಾಳ ಮೈಕೂದಲು ನಿಮಿರಿತು. ಅಷ್ಟು ಹೊತ್ತು ಇದ್ದ ಭಯ ಹೋಯಿತು.

ಆಮೇಲೆ ಇವರ ಸರದಿ. ಕೊನೆಗೆ ಎರಡೂ ಕಡೆಯವರು ಸೇರಿ ನುಡಿಸುವುದೆಂದು ಮಾತಾಗಿತ್ತು, ಅದಕ್ಕೆ ಅಮೆರಿಕದ ಹುಡುಗರು ವಾದ್ಯ ಹಿಡಿದು ಒಂದು ಬದಿಯಲ್ಲಿ ನಿಂತಿದ್ದರು. ಯೂಜಿನ್ ಇಂಗ್ಲಿಷಿನಲ್ಲಿ ಎರಡು ಮಾತಾಡಿದ: ಮರುಭೂಮಿಯಲ್ಲಿ ಒಮ್ಮೆ ಮಳೆ ಬಂದಾಗ ಈ ರಾಗ ತನಗೆ ಹೊಳೆಯಿತು. ಜನ ಚಪ್ಪಾಳೆ ತಟ್ಟಿದರು. ಅವನು ವಾರಿಜಾಳ ಕಡೆ ತಲೆಯಾಡಿಸಿದ.

ಅವಳು ಎತ್ತಿದಳು. ಪ್ರಾಕ್ಟೀಸಿಗಿಂತ ತುಸು ಜೋರಾಗಿಯೇ ಎತ್ತಿದಳು. ಮೊದಲ ಭಾಗ ನೇರ ಹೋಯಿತು. ಗಿಟಾರು ಅವಳ ಬೆನ್ನಿಗೇ ಬಂತು, ಸಭೆ ಚಪ್ಪಾಳೆಯಲ್ಲಿ ತಾಳ ಹಿಡಿಯಿತು, ಯೂಜಿನ್ ಕಣ್ಣು ಮುಚ್ಚಿದ. ಎರಡನೇ ಭಾಗದ ಕೊನೆಗೆ ಬಂದಾಗ ಅವಳು ಕಮಾನನ್ನು ತಕಿಟ ತಕದಿಮಿ ಎಂದು ಕಡಿದು ತಲೆಗೆ ತಿರುಗಿದಳು.

ಯೂಜಿನನ ಎಂಟನೇ ಪೆಟ್ಟು ಒಂಟಿಯಾಗಿ ಬಿತ್ತು. ಇಡೀ ಸಭಾಂಗಣದ ಚಪ್ಪಾಳೆಯೂ ಅವನ ಜೊತೆಗೇ ತಪ್ಪಾದಲ್ಲಿ ಬಿತ್ತು. ಯಾರೋ ನಕ್ಕರು. ಅವನು ಕಣ್ಣು ತೆರೆದ. ವಾರಿಜಾ ತಪ್ಪಿದ್ದಾಳೆ ಎಂದುಕೊಂಡನೇನೋ, ದೊಡ್ಡ ಮನಸ್ಸಿನವನ ಹಾಗೆ ಮುಗುಳ್ನಕ್ಕು ಮತ್ತೆ ಹಿಡಿದ. ಎರಡನೇ ಸುತ್ತಿನಲ್ಲಿಯೂ ಅವಳು ಅಲ್ಲಿಯೇ ಕಡಿದಳು. ಈ ಸಲ ಝಹೀರನ ಬ್ಯಾಂಜೋ ಅವಳ ಜೊತೆಗಿತ್ತು.

ಮೂರನೆಯದು ಗಿಟಾರಿನ ಸರದಿ. ಅವಳು ಪದ್ಧತಿಯಂತೆ ಹಿಂದೆ ಸರಿದು ಜಾಗ ಬಿಟ್ಟಳು. ಯೂಜಿನ್ ಮೈಕಿನೆದುರು ಬಂದ. ಹಿಂದೆ ಬ್ಯಾಂಜೋ ಮತ್ತು ವಯಲಿನ್ ಏಳಕ್ಕೆ ತಿರುಗಿದವು, ಅವನ ಬೆರಳು ಎಂಟಕ್ಕೆ ಹೋಯಿತು. ಅಲ್ಲಿಂದ ಮುಂದೆ ಅವನು ನುಡಿಸಿದ್ದೆಲ್ಲ ಒಂದು ಹೆಜ್ಜೆ ತಡ. ಓಡುವ ಬಸ್ಸಿಗೆ ಹತ್ತಲು ಹೋಗಿ ಕೈ ಸಿಗದವನ ಹಾಗೆ ಕಂಡ. ಮೈಕು ಅವನ ಒಂದೊಂದು ತಪ್ಪನ್ನೂ ಹಿಂದಿನ ಸಾಲಿನವರೆಗೆ ಮುಟ್ಟಿಸಿತು.

"ವಾರಿಜಾ, ಎಂಟು," ಎಂದ ಹಲ್ಲು ಕಚ್ಚಿ.

"ನಿಮ್ಮ ಎಂಟರ ವರ್ಷ ಮುಗೀತು," ಎಂದಳು ಅವಳು, ನಗು ಕೆಡಿಸದೆ.

ಬದಿಯಲ್ಲಿದ್ದ ಗಡ್ಡದ ಹುಡುಗ ಕಾಲಿನಲ್ಲಿ ಎಣಿಸುತ್ತಿದ್ದ. ಒಂದು ಸಲ ತಪ್ಪಿದ, ಮತ್ತೊಂದು ಸಲಕ್ಕೆ ಸಿಕ್ಕಿತು. ಬೀದಿಯಲ್ಲಿ ಏನೋ ಬೆಲೆಬಾಳುವುದು ಸಿಕ್ಕವನ ಹಾಗೆ ಅವನ ಮುಖ ಅರಳಿತು. ಮ್ಯಾಂಡೊಲಿನ್ ಎತ್ತಿಕೊಂಡು ಒಳಗೆ ಬಂದ, ಉಳಿದವರೂ ಬಂದರು. ಮೈಕಿನ ಸುತ್ತ ಜಾಗ ಕಡಿಮೆ. ಒಬ್ಬೊಬ್ಬರು ಬಂದಂತೆ ಯೂಜಿನ್ ಒಂದೊಂದು ಹೆಜ್ಜೆ ಹಿಂದೆ ಹೋದ. ಕೊನೆಕೊನೆಗೆ ಅವನು ತಂತಿಗಳ ಮೇಲೆ ಅಂಗೈ ಒತ್ತಿ ಹಿಡಿದು, ಸದ್ದು ಬರದ ಹಾಗೆ, ನುಡಿಸುವವನ ಹಾಗೆ ಕೈಯಾಡಿಸುತ್ತಿದ್ದ. ವಾರಿಜಾ ಅದನ್ನು ಕಣ್ಣು ತುಂಬ ನೋಡಿದಳು. ನೋಡಲಿಕ್ಕೆಂದೇ ಎರಡು ಸುತ್ತು ಹೆಚ್ಚಿಗೆ ನುಡಿಸಿದಳು.

ಎಲ್ಲ ಮುಗಿದ ಮೇಲೆ ಪರದೆಯ ಹಿಂದೆ ಗಡ್ಡದ ಹುಡುಗ ಬಂದು ಆ ಕೊನೆಯನ್ನು ಇನ್ನೊಮ್ಮೆ ಹೇಳಿ ಎಂದ. ಅವಳು ಹೇಳಿದಳು. ಐದೂ ಜನ ತೊಡೆ ತಟ್ಟಿಕೊಂಡು ತಕಿಟ ತಕದಿಮಿ ಎಂದರು. ಅವರ ನಾಲಗೆಯಲ್ಲಿ ಅದು ತುಸು ಉಬ್ಬಿಕೊಂಡಿತ್ತು, ಎಣಿಕೆ ಮಾತ್ರ ಸರಿಯಿತ್ತು.

"ಸೀಡಿಯಲ್ಲಿ ಇದು ಇರಲಿಲ್ಲ," ಎಂದ ಅವನು. "ಇದಿಲ್ಲದೆ ಆ ರಾಗದಲ್ಲಿ ಏನಿದೆ? ಇದು ಯಾರದು?"

ಉತ್ತರ ಅವಳ ನಾಲಗೆಯ ತುದಿಯಲ್ಲಿತ್ತು. ಆದರೆ ಅವಳು ಗಿಟಾರನ್ನು ಪೆಟ್ಟಿಗೆಗೆ ಹಾಕುತ್ತಿದ್ದ ಯೂಜಿನನ ಕಡೆ ತಿರುಗಿದಳು.

"ಯೂಜಿನ್, ಕೇಳ್ತಿದ್ದಾರೆ. ಯಾರದ್ದು ಅಂತ. ಹೇಳಿ."

ಅವನು ಕೊಕ್ಕೆ ಹಾಕಿದ. ಮತ್ತೆ ತೆಗೆದು ಮತ್ತೆ ಹಾಕಿದ. ಝಹೀರ್ ಗೋಡೆ ನೋಡಿದ.

"ಇವಳದ್ದು," ಎಂದ ಯೂಜಿನ್.

ರೆಕಾರ್ಡಿನಲ್ಲಿ ಹೆಸರು ವಾರಿಜಾ ಎಂದೇ ಬರುವುದಾಯಿತು, ರಾಗದ ಹೆಸರು ಕುಂಟು ಒಂಟೆ. ಕಮಲಾಕ್ಷ ಕಾರಿನಲ್ಲಿ, "ಖಲಾಸ್. ಇನ್ನಾದರೂ ಈರುಳ್ಳಿ ಸ್ವಲ್ಪ ದಪ್ಪಕ್ಕೆ ಹೆಚ್ಚು ಮಾರಾಯ್ತಿ," ಎಂದ. ಅವಳು ನಕ್ಕಳು. ಎರಡು ದಿನ ಅವಳಿಗೆ ಖುಷಿ ಇತ್ತು. ಮೂರನೆಯ ದಿನ ಆಫೀಸಿನಲ್ಲಿ ಕೂತಿದ್ದಾಗ ಆ ಮಾತು ಮತ್ತೆ ಬಂತು, ಅದೇ ದನಿಯಲ್ಲಿ: ಸರಿ ಮಾಡಿದ್ದೇನೆ. ಹೋಗಿರಲಿಲ್ಲ.

ಅದಕ್ಕೇ, ಯೂಜಿನ್ ಫೋನ್ ಮಾಡಿದಾಗ ಅವಳು ಕಟ್ ಮಾಡಲಿಲ್ಲ. ಅಮೆರಿಕದ ಬ್ಯಾಂಡು ಮುಂದಿನ ವಾರ ಬಹರೈನಿನಲ್ಲಿ ನುಡಿಸುವುದಿತ್ತು. ಅಲ್ಲಿಯ ಸಂಘಟಕರು ಯೂಜಿನನ ಹೆಸರನ್ನು ಮೊದಲೇ ಅಚ್ಚು ಹಾಕಿಸಿದ್ದರು. ವಾರಿಜಾಳಿಗೆ ರಜೆ ಇರಲಿಲ್ಲ.

"ಅವರ ಜೊತೆ ಆ ರಾಗ ನುಡಿಸ್ಬೇಕು. ಝಹೀರನಿಗೆ ಹೇಳಿಕೊಡ್ಲಿಕ್ಕೆ ಬರುದಿಲ್ಲ. ಮೊನ್ನೆಯ ಕಾರ್ಯಕ್ರಮದ ವಿಡಿಯೋದಲ್ಲಿ ಜನ ನಗುವುದು ಬಿಟ್ಟರೆ ಏನೂ ಕೇಳುದಿಲ್ಲ. ಆ ಕೊನೆ ಒಂದು ಕಲಿಸು ವಾರಿಜಾ."

ತಪ್ಪಾಯಿತು ಎಂಬ ಮಾತಿಗೆ ಅವಳು ಸ್ವಲ್ಪ ಹೊತ್ತು ಕಾದಳು. ಅದು ಬರಲಿಲ್ಲ.

"ಶುಕ್ರವಾರ ಬರ್ತೇನೆ," ಎಂದಳು.

ಗೋದಾಮಿನಲ್ಲಿ ಅವರಿಬ್ಬರೇ. ಝಹೀರನಿಗೆ ಅಂಗಡಿಯಲ್ಲಿ ಸ್ಟಾಕ್ ಎಣಿಸುವ ಕೆಲಸ. ಕಮಲಾಕ್ಷ ಹೊರಗೆ ಕಾರಿನ ಏಸಿಯಲ್ಲಿ ಪೇಪರ್ ಓದುತ್ತ ಕೂತಿದ್ದ. ಅವಳು ಕಾಲ ಮೇಲೆ ಕೈಯಿಟ್ಟು ನಿಧಾನವಾಗಿ, ಮೇಷ್ಟ್ರ ದನಿಯಲ್ಲಿ ಕಲಿಸಿದಳು: ತಕ ತಕಿಟ. ಐದು.

"ಅಷ್ಟೇನಾ? ಮೊನ್ನೆ ಉದ್ದ ಇದ್ದ ಹಾಗಿತ್ತು."

"ಹೆದರಿದಾಗ ಎಲ್ಲವೂ ಉದ್ದ. ಹೇಳಿ."

"ತಕ ತಕಿಟ," ಎಂದ ಯೂಜಿನ್, ವಿಧೇಯನಾಗಿ.

ಬಹರೈನಿನ ಸ್ಟೇಜು ಅವಳಿಗೆ ಕಾಣುತ್ತಿತ್ತು. ಐದು ಜನ ಏಳಕ್ಕೆ ತಿರುಗುತ್ತಾರೆ, ಇವನು ಐದಕ್ಕೇ ತಿರುಗಿ ಒಬ್ಬನೇ ಆಚೆ ಹೋಗಿ ನಿಂತಿರುತ್ತಾನೆ. ದೂರೋಣವೆಂದರೆ ಅವಳು ಅಲ್ಲಿ ಇರುವುದಿಲ್ಲ. ಅವಳು ತಾಳ್ಮೆಯಿಂದ ತಿದ್ದಿದಳು. ಅವನು ಎಂಟಕ್ಕೆ ಜಾರಿದಾಗೆಲ್ಲ ನಿಲ್ಲಿಸಿ ಹಿಂದಕ್ಕೆ ತಂದಳು. ಹಣೆಯ ಬೆವರು ಒರೆಸಿಕೊಳ್ಳುತ್ತ ಅವನು ಮತ್ತೆ ಮತ್ತೆ ನುಡಿಸಿದ. ಒಳ್ಳೆಯ ವಿದ್ಯಾರ್ಥಿ.

ನುಡಿಸುತ್ತ ನುಡಿಸುತ್ತ, ಆ ಐದು ಮುಗಿದ ಕೂಡಲೇ ಉಳಿದ ಖಾಲಿಯಲ್ಲಿ, ಅವನ ಹೆಬ್ಬೆರಳು ತಾನಾಗಿ ದಪ್ಪ ತಂತಿಗಳ ಮೇಲಿಂದ ಕೆಳಗಿಳಿಯಿತು. ನಾಲ್ಕೇ ಸ್ವರ. ಕತ್ತಲೆಯಲ್ಲಿ ಇಳಿಯುವಾಗ ಒಂದು ಮೆಟ್ಟಿಲು ಇಲ್ಲ ಎಂದು ಕಾಲಿಗೆ ಗೊತ್ತಾಗುತ್ತದಲ್ಲ, ಹಾಗೆ. ತಾಳ ಹಾಕುತ್ತಿದ್ದ ವಾರಿಜಾ ಕೈ ನಿಲ್ಲಿಸಿದಳು. ಅವಳು ಅಂಥದ್ದನ್ನು ಎಲ್ಲಿಯೂ ಕೇಳಿರಲಿಲ್ಲ. ಕುಂಟು ಒಂಟೆಗಿಂತ ಚೆನ್ನಾಗಿತ್ತು. ಯೂಜಿನ್ ಕೂಡ ಕೈ ನಿಲ್ಲಿಸಿ ಗಿಟಾರನ್ನೇ ನೋಡಿದ.

"ಈಗ ಬಂದದ್ದು ಹೇಗಿತ್ತು?"

ತಗಡಿನ ಕೊಳವೆಗಳು ಇನ್ನೂ ಗುಂಯ್ ಎನ್ನುತ್ತಿದ್ದವು.

"ತಪ್ಪು," ಎಂದಳು ವಾರಿಜಾ.

"ನನಗೆ ಎಂತದೋ ಒಂದು..."

"ತಪ್ಪು. ಬೆರಳು ಎಲ್ಲೆಲ್ಲೋ ಹೋಗ್ತದೆ ನಿಮ್ಮದು. ತಕ ತಕಿಟ, ಅಷ್ಟೆ. ಮೇಲಿಂದ ಬನ್ನಿ."

ಅವನು ಮೇಲಿಂದ ಬಂದ. ಹೆಬ್ಬೆರಳು ಮತ್ತೆ ಇಳಿಯಲು ನೋಡಿತು, ಅವಳು "ಊಹೂಂ" ಎಂದಳು. ಇನ್ನೊಂದು ಸಲಕ್ಕೂ ಊಹೂಂ. ಹಾಗೆ ಸುಮಾರು ಹೊತ್ತು, ಆ ಸ್ವರಗಳು ಅವನ ಕೈಯಿಂದ ಪೂರ್ತಿ ಬಿಟ್ಟುಹೋಗುವವರೆಗೆ ನುಡಿಸಿಸಿದಳು. ಬಿಟ್ಟುಹೋದ ಮೇಲೆ, "ಈಗ ಸರಿಯಾಯ್ತು," ಎಂದು ಹೇಳಿ ವಯಲಿನ್ ಪೆಟ್ಟಿಗೆ ಮುಚ್ಚಿದಳು.

"ಉಪಕಾರ ಆಯ್ತು ವಾರಿಜಾ. ನಿಜವಾಗಿ," ಎಂದ ಯೂಜಿನ್, ಗೋದಾಮಿನ ಬಾಗಿಲವರೆಗೆ ಬಂದು.

ಕಾರಿನಲ್ಲಿ ಕಮಲಾಕ್ಷ ರೇಡಿಯೋಗೆ ಕೈ ಹಾಕಿದ. ಅವಳು ಅದನ್ನು ಬಂದ್ ಮಾಡಿದಳು. ಐದನೇ ರಿಂಗ್ ರೋಡಿಗೆ ತಿರುಗುವಾಗ ಅವಳ ಬೆರಳುಗಳು ಮಡಿಲಿನ ಪೆಟ್ಟಿಗೆಯ ಮೇಲೆ ಓಡುತ್ತಿದ್ದವು. ಐದು, ಆಮೇಲೆ ಕೆಳಗಿಳಿಯುವ ನಾಲ್ಕು. ಮರೆತುಹೋಗದಂತೆ ಅವಳು ತುಟಿ ಬಿಗಿಹಿಡಿದು ಗುನುಗುತ್ತಿದ್ದಳು.

"ಹೊಸತಾ?" ಎಂದ ಕಮಲಾಕ್ಷ. "ಚಂದ ಉಂಟು. ಯಾರದ್ದು?"

"ನನ್ನದು," ಎಂದಳು ವಾರಿಜಾ, ಗುನುಗು ನಿಲ್ಲಿಸದೆ.